ಏಳೂವರೆ ಎಸಳಿನ ಹೂವು

ನಮ್ಮ ಬಡಾವಣೆಯ ಮಹಿಳಾ ಸಮಾಜದವರು ಹೋದ ವಾರ ಮನೆಗೆ ಬಂದು, ಕರಕುಶಲ ಪ್ರದರ್ಶನ ಇಟ್ಟುಕೊಂಡಿದ್ದೇವೆ, ನೀವು ಲೇಸಿನ ಉಗಮ ಮತ್ತು ಇತಿಹಾಸದ ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಎಂದರು. ನನ್ನನ್ನೇ ಯಾಕೆ ಹಿಡಿದರೆಂದರೆ, ನಮ್ಮ ಮನೆಯ ವಾಷಿಂಗ್ ಮೆಷಿನ್ನಿನ ಮೇಲೆ ಒಂದು ಹಳೆಯ ಲೇಸಿನ ಹೊದಿಕೆ ಇದೆ. ಅದನ್ನು ನೋಡಿ ಇವಳು ತಿಳಿದವಳು ಎಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ನನಗೆ ಲೇಸ್ ಹಾಕಲು ಬರುವುದಿಲ್ಲ. ಕ್ರೋಶಾ ಕಡ್ಡಿ ಕೈಗೆ ಕೊಟ್ಟರೆ ಕೊಕ್ಕೆ ಇರುವ ತುದಿ ಯಾವುದು, ಇಲ್ಲದ ತುದಿ ಯಾವುದು ಎಂದು ಹೇಳಬಲ್ಲೆ, ಅಷ್ಟೆ. ಆದರೆ ಮೈಕಿನ ಮುಂದೆ ನಿಲ್ಲಿಸುತ್ತೇವೆ ಅಂದರೆ ಒಲ್ಲೆ ಎನ್ನುವ ಜಾಯಮಾನ ನನ್ನದಲ್ಲ. ಒಪ್ಪಿಕೊಂಡುಬಿಟ್ಟೆ.

ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದು ಓದಿದೆ. ಲೇಸನ್ನು ಮೊದಲು ಕಂಡುಹಿಡಿದವರು ನಾವು ಎಂದು ಇಟಲಿಯವರು ಹೇಳುತ್ತಾರಂತೆ. ಅಲ್ಲವೇ ಅಲ್ಲ, ನಾವು ಎಂದು ಬೆಲ್ಜಿಯಂ ಕಡೆಯವರು ಹೇಳುತ್ತಾರಂತೆ. ನೂರಾರು ವರ್ಷದಿಂದ ಈ ವ್ಯಾಜ್ಯ ನಡೆಯುತ್ತಿದ್ದು ಇನ್ನೂ ತೀರ್ಮಾನವಾಗಿಲ್ಲ. ತುಮಕೂರು ಕೋರ್ಟಿಗೆ ಹಾಕಿದ್ದರೂ ಇಷ್ಟು ಹೊತ್ತಿಗೆ ಒಂದು ರಾಜಿಯಾಗುತ್ತಿತ್ತು. ಇದರ ಮೇಲೆ, ಸೂಜಿಯಲ್ಲಿ ಮಾಡಿದ್ದು ಮತ್ತು ಪುಟ್ಟ ಪುಟ್ಟ ಮರದ ಉರುಳೆಗಳಲ್ಲಿ ಹೆಣೆದದ್ದು ಮಾತ್ರ ಅಸಲಿ ಲೇಸ್, ಕ್ರೋಶಾ ಕಡ್ಡಿಯಲ್ಲಿ ಹಾಕಿದ್ದು ಕೂಲಿಯವರ ನಕಲು ಎಂದು ಮೂಗು ಮುರಿಯುವವರೂ ಇದ್ದಾರಂತೆ. ಪುಸ್ತಕ ಮುಚ್ಚಿಟ್ಟೆ. ನಮ್ಮೂರಿನಲ್ಲಿ ಈ ವಿಷಯ ಇಷ್ಟು ಕಗ್ಗಂಟಾಗಿರಲಿಲ್ಲ. ಬಟ್ಟೆಯಲ್ಲಿ ತಾನಾಗಿ ತೂತು ಬಿದ್ದರೆ ಅದು ಹರಕು, ಬೇಕೆಂದೇ ತೂತು ಬಿಟ್ಟರೆ ಅದು ಲೇಸ್.

ನಮ್ಮೂರು ಎಂದರೆ ತಿಪಟೂರು. ಮಂಡಿ ಬೀದಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು, ನನಗಾಗ ಹನ್ನೊಂದು ವರ್ಷ. ಲೇಸಿನ ಉಗಮದ ಬಗ್ಗೆ ನಮ್ಮ ಓಣಿಯಲ್ಲಿ ಮೂರು ಸಿದ್ಧಾಂತಗಳು ಚಾಲ್ತಿಯಲ್ಲಿದ್ದವು. ಶಾಲೆಯ ಹೊಲಿಗೆ ಟೀಚರ್ ಪ್ರಕಾರ ಅದನ್ನು ತಂದವರು ಮಿಷನ್ನಿನ ದೊರೆಸಾನಿಯರು. ಇಲ್ಲಿಯ ಹೆಂಗಸರು ಸುಮ್ಮನೆ ಹರಟೆ ಹೊಡೆಯುವುದನ್ನು ನೋಡಲಾರದೆ ಕೈಗೊಂದು ಕಡ್ಡಿ ಕೊಟ್ಟರು. ಅವರು ಗಮನಿಸದೇ ಹೋದ ಸಂಗತಿಯೆಂದರೆ ಕಡ್ಡಿ ಕೈಯಲ್ಲಿದ್ದರೆ ಹರಟೆ ಇನ್ನೂ ಸಲೀಸಾಗಿ ಸಾಗುತ್ತದೆ.

ನಮಗೆ ಬಟ್ಟೆ ಹೊಲಿದುಕೊಡುತ್ತಿದ್ದ, ನೂಲು ಮಾರುತ್ತಿದ್ದ ಟೈಲರ್ ಬಾಷಾ ಸಾಬರದು ಎರಡನೇ ಸಿದ್ಧಾಂತ. ಯಾವುದೋ ಕಾಲದಲ್ಲಿ ಒಬ್ಬ ಬೇಗಮ್ಮಳ ದುಪ್ಪಟ್ಟಾವನ್ನು ಇಲಿ ಕಡಿದುಹಾಕಿತು. ಮಾರನೇ ದಿನ ದರ್ಬಾರು. ಟೈಲರನ ತಲೆ ಹೋಗುವುದು ಗ್ಯಾರಂಟಿ. ಅವನು ಜಾಣ, ಪ್ರತಿ ತೂತಿಗೂ ಸುತ್ತ ಅಂಚು ಕಟ್ಟಿ ಇದು ಹೊಸಾ ಫ್ಯಾಷನ್ ಹುಜೂರ್ ಎಂದುಬಿಟ್ಟ. ಹೀಗೆ ಲೇಸ್ ಹುಟ್ಟಿತು, ಟೈಲರ್ ಬದುಕಿದ. ಬಾಷಾ ಸಾಬರು ನಮ್ಮ ಲಂಗಗಳನ್ನು ಹೇಳಿದ ಅಳತೆಗಿಂತ ಗಿಡ್ಡ ಹೊಲಿದಾಗಲೆಲ್ಲ ಈ ಕಥೆ ಹೇಳುತ್ತಿದ್ದರು.

ಮೂರನೆಯದು ನಮ್ಮ ಅಜ್ಜಿಯದು. ತೆಂಗಿನ ಗರಿ ಮರಕ್ಕೆ ಅಂಟಿಕೊಳ್ಳುವ ಬುಡದಲ್ಲಿ ಕಂದು ಬಣ್ಣದ ಒಂದು ಜಾಲರಿ ಇರುತ್ತದೆ, ನೋಡಿದ್ದೀರಲ್ಲ? ಯಾರೋ ಕೂತು ಅಡ್ಡ ನೂಲು ಉದ್ದ ನೂಲು ಹಾಕಿ ನೇಯ್ದಂತೆಯೇ ಇರುತ್ತದೆ. ಅಜ್ಜಿ ಅದನ್ನು ಹಿಡಿದು ತೋರಿಸಿ, ನಿಮ್ಮ ದೊರೆಸಾನಿಯರ ಮುತ್ತಜ್ಜಿಯರು ಹುಟ್ಟೋದಕ್ಕೆ ಮುಂಚೆ ನಮ್ಮ ತೋಟದಲ್ಲಿ ಈ ಕಸುಬು ಇತ್ತು ಎನ್ನುತ್ತಿದ್ದಳು. ಇಟಲಿಗೂ ಬೆಲ್ಜಿಯಮ್ಮಿಗೂ ತೆಂಗಿನ ಮರವಿಲ್ಲ. ಹೀಗಾಗಿ ನನ್ನ ಓಟು ಇವತ್ತಿಗೂ ಅಜ್ಜಿಗೆ.

ಇಷ್ಟೆಲ್ಲ ಸಂಶೋಧನೆ ನಮ್ಮ ಮನೆಯಲ್ಲೇ ನಡೆಯಲು ಕಾರಣವಿತ್ತು. ನಮ್ಮ ಮನೆಯಲ್ಲಿದ್ದಷ್ಟು ಲೇಸ್ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ರೇಡಿಯೋಗೆ ಲೇಸ್, ಫ್ಲಾಸ್ಕಿಗೆ ಲೇಸ್, ಸ್ಟೂಲಿಗೆ, ದಿಂಬಿಗೆ, ಹೊಲಿಗೆ ಮೆಷಿನ್ನಿಗೆ ಲೇಸ್. ದೇವರ ಪಟಗಳಿಗೆ ಲೇಸಿನ ತೋರಣ. ಪ್ರತಿಯೊಂದು ಲೋಟಕ್ಕೂ ಅಂಚಿಗೆ ಮಣಿ ಪೋಣಿಸಿದ ದುಂಡನೆಯ ಲೇಸಿನ ಮುಚ್ಚಳ. ಲೇಸ್ ಹೊದೆಯದೆ ಓಡಾಡಿಕೊಂಡಿದ್ದವರು ಎಂದರೆ ಅಜ್ಜಿ ಮತ್ತು ಬೆಕ್ಕು. ಬಂದವರೆಲ್ಲ ನಮ್ಮ ಅವ್ವನ ಕೈಕೆಲಸವನ್ನು ಹೊಗಳಿ ಹೋಗುತ್ತಿದ್ದರು. ಅವ್ವ ಸೆರಗು ಸರಿಪಡಿಸಿಕೊಂಡು, ಹೊತ್ತು ಹೋಗ್ಬೇಕಲ್ಲ ಎನ್ನುತ್ತಿದ್ದಳು. ಬೆಳಗಿನಿಂದ ಕೂರಲು ಪುರುಸೊತ್ತಿಲ್ಲದ ಹೆಂಗಸು ಈ ಮಾತನ್ನು ಒಂದಿಷ್ಟೂ ನಗದೆ ಹೇಗೆ ಹೇಳುತ್ತಿದ್ದಳೋ ನಾನು ಕಾಣೆ. ಅವ್ವನಿಗೆ ಕಿತ್ತುಹೋದ ಗುಂಡಿ ಹೊಲಿಯಲೂ ಬರುತ್ತಿರಲಿಲ್ಲ.

ಲೇಸ್ ಹಾಕುತ್ತಿದ್ದವನು ನಮ್ಮ ಅಪ್ಪ.

ಅಪ್ಪ ಮರುಳಪ್ಪನೆಂದರೆ ಕೊಬ್ಬರಿ ಮಂಡಿಯಲ್ಲಿ ಒಂದು ಹೆಸರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ದನಿ. ಕೊಬ್ಬರಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ಇದು ಯಾರ ತೋಟದ್ದು ಎಂದು ಹೇಳುತ್ತಿದ್ದ, ಹೇಳಿದ್ದು ತಪ್ಪಾದರೂ ಎದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇಂಥ ಮನುಷ್ಯ ಪ್ರತಿ ಭಾನುವಾರ ಊಟವಾದ ಮೇಲೆ, ಕಾಯಿ ನೋಡ್ಕಂಡು ಬತ್ತೀನಿ ಎಂದು ಹೇಳಿ ಅಟ್ಟ ಹತ್ತುತ್ತಿದ್ದ. ನಮ್ಮ ಕಡೆ ಕೊಬ್ಬರಿ ಮಾಡುವ ಕ್ರಮ ನಿಮಗೆ ಗೊತ್ತಿರಬಹುದು. ಬಲಿತ ಕಾಯನ್ನು ಅಟ್ಟದ ಮೇಲೆ ಹರವಿ ಹೆಚ್ಚುಕಮ್ಮಿ ಒಂದು ವರ್ಷ ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುವವರೆಗೂ ಅದಕ್ಕೆ ಯಾರ ಸಹಾಯವೂ ಬೇಕಾಗಿಲ್ಲ. ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಆದರೂ ಅಪ್ಪ ಮೂರು ಮೂರು ತಾಸು ನೋಡುತ್ತಿದ್ದ. ಸೋಮವಾರ ಬೆಳಿಗ್ಗೆ ಮನೆಯ ಇನ್ನೊಂದು ವಸ್ತುವಿಗೆ ಲೇಸ್ ಬಂದಿರುತ್ತಿತ್ತು.

ನಾನು ಒಂಬತ್ತು ವರ್ಷದವಳಿದ್ದಾಗ ಬೆಕ್ಕು ಅಟ್ಟದಲ್ಲಿ ಮರಿ ಹಾಕಿದೆಯೇನೋ ಎಂದು ನೋಡಲು ಏಣಿ ಹತ್ತಿದೆ. ಸಾವಿರಾರು ಕಾಯಿಗಳ ನಡುವೆ, ಗಾಜಿನ ಹೆಂಚಿನ ಬೆಳಕಿನಲ್ಲಿ, ಅಪ್ಪ ಕಾಲು ಚಾಚಿ ಕೂತಿದ್ದ. ನಾಲಿಗೆಯ ತುದಿ ಹಲ್ಲಿನ ನಡುವೆ. ಕೈಯಲ್ಲಿ ಕ್ರೋಶಾ ಕಡ್ಡಿ. ತುಟಿಯಲ್ಲಿ, ಐದು ಸರಪಳಿ, ಒಂದು ಕಂಬ, ಐದು ಸರಪಳಿ, ಒಂದು ಕಂಬ ಎಂದು ಹೆಣಿಗೆ ಎಣಿಸುವ ಮಂತ್ರ. ಅಪ್ಪ ಬೀಡಿ ಸೇದುತ್ತಾ ಸಿಕ್ಕಿದ್ದರೂ ನನಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಅವನಿಗೂ ಗಾಬರಿಯಾಯಿತು. ಲೇಸನ್ನು ಪಂಚೆಯ ಕೆಳಗೆ ತುರುಕಿಕೊಂಡು, ಆಮೇಲೆ ಪ್ರಯೋಜನವಿಲ್ಲ ಎಂದು ಹೊರಗೆ ತೆಗೆದು, "ಯಾರ್ಗೂ ಹೇಳ್ಬ್ಯಾಡ ಕಣೇ. ಮಂಡೀಲಿ ನನ್ ಮಾತು ನಡೆಯಾಕಿಲ್ಲ" ಎಂದ. ಮಂಡಿಯ ಮಾತು ಹೇಗೋ ಏನೋ, ಮನೆಯಲ್ಲಿ ಅವನ ಮಾತು ನಡೆಯಿತು, ನಾನು ಯಾರಿಗೂ ಹೇಳಲಿಲ್ಲ. ಅಜ್ಜಿಗೆ ಹೇಳಿದೆ, ಅಷ್ಟೆ.

ಅಜ್ಜಿಗೆ ಮೊದಲೇ ಗೊತ್ತಿತ್ತು. ಅದು ಕೆಮ್ಮಿನ ವಿದ್ಯೆ ಬುಡು ಎಂದವಳೇ ನಾಲಿಗೆ ಕಚ್ಚಿಕೊಂಡಳು. ಅಜ್ಜಿ ನಾಲಿಗೆ ಕಚ್ಚಿಕೊಂಡರೆ ಐದು ನಿಮಿಷದೊಳಗೆ ಪೂರ್ತಿ ಕಥೆ ಬರುತ್ತದೆ ಎಂದು ಅರ್ಥ. ಅಕ್ಕ ವಿಶಾಲಾಕ್ಷಿ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಅಪ್ಪನಿಗೆ ಕ್ಷಯ ಬಂದಿತ್ತು. ಬೆಂಗಳೂರಿನಾಚೆಯ ಒಂದು ಆಸ್ಪತ್ರೆಯಲ್ಲಿ ಒಂದು ವರ್ಷಕ್ಕೂ ಮೇಲೆ ಇದ್ದು, ಮಾತ್ರೆ ನುಂಗಿ, ಸೂಜಿ ಚುಚ್ಚಿಸಿಕೊಂಡು ವಾಸಿಯಾಗಿ ಬಂದ. ಟಿ.ಬಿ. ಬಂದ ಮನೆಯಲ್ಲಿ ಆಗ ಯಾರೂ ನೀರು ಮುಟ್ಟುತ್ತಿರಲಿಲ್ಲ, ಹೆಣ್ಣು ಕೊಡುವುದು ತರುವುದು ದೂರ ಉಳಿಯಿತು. ಅದಕ್ಕೇ ಊರಿಗೆಲ್ಲ, ಮರುಳಪ್ಪ ಕೊಬ್ಬರಿ ವ್ಯಾಪಾರದ ಮೇಲೆ ದಿಲ್ಲಿಗೆ ಹೋಗಿದ್ದಾನೆ ಎಂದು ಹೇಳಿದ್ದರು.

ಸುಳ್ಳು ಹೇಳುವುದು ಸುಲಭ, ಅದಕ್ಕೆ ವರ್ಷಗಟ್ಟಲೆ ನೀರು ಹೊಯ್ಯುವುದು ಕಷ್ಟ. ಪಕ್ಕದ ಮಂಡಿಯ ಸಿದ್ದಣ್ಣನಿಗೆ ದಿಲ್ಲಿಯೆಂದರೆ ವಿಪರೀತ ಕುತೂಹಲ. ವಾರಕ್ಕೊಮ್ಮೆಯಾದರೂ ನಮ್ಮ ಜಗುಲಿಗೆ ಬಂದು ಕೂತು ದಿಲ್ಲಿಯ ಬಗ್ಗೆ ಕೇಳುತ್ತಿದ್ದ. ದಿಲ್ಲಿಯನ್ನೇ ಕಾಣದ ಅಪ್ಪ ತಾನು ಕಂಡಿದ್ದನ್ನು ಹೇಳುತ್ತಿದ್ದ. ದಿಲ್ಲಿಯಲ್ಲಿ ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆದು ಎಬ್ಬಿಸುತ್ತಾರೆ. ಎಂಥ ಚಳಿಯಲ್ಲೂ ಕಿಟಕಿ ಮುಚ್ಚಲು ಬಿಡುವುದಿಲ್ಲ. ಎಲ್ಲೆಲ್ಲೂ ಫಿನಾಯಿಲ್ ವಾಸನೆ. ಮಧ್ಯಾಹ್ನ ಎರಡು ತಾಸು ಎಲ್ಲರೂ ಮಾತಾಡದೆ ಅಂಗಾತ ಮಲಗಬೇಕು. ಸಿದ್ದಣ್ಣ ಬಾಯಿ ಬಿಟ್ಟುಕೊಂಡು ಕೇಳಿ, ರಾಜಧಾನಿ ಅಂದ್ರೆ ಶಿಸ್ತು ಇರ್ತದೆ ಬುಡಿ ಎನ್ನುತ್ತಿದ್ದ. ತಿಪಟೂರಿನ ಅರ್ಧ ಮಂಡಿ ಬಹಳ ಕಾಲ ದಿಲ್ಲಿಯನ್ನು ಹೀಗೇ ಕಲ್ಪಿಸಿಕೊಂಡಿತ್ತು.

ಅಜ್ಜಿಗೆ ಮಾತ್ರ ಬೇರೊಂದು ಕೊರಗು. ಮಗನ ಎದೆ ವಾಸಿಯಾಯಿತು, ಸರಿ. ಆ ಆಸ್ಪತ್ರೆಯಲ್ಲಿ ಇವನಿಗೆ ಮೊಟ್ಟೆ ತಿನ್ನಿಸಿದರೋ ಇಲ್ಲವೋ? ಲಿಂಗ ಕಟ್ಟಿದ ಮನೆ ನಮ್ಮದು. ಅವಳು ಎಷ್ಟು ಸಲ ಕೇಳಿದರೂ ಅಪ್ಪ, ಹಾಲು ಕೊಡ್ತಿದ್ರು ಎಂದು ಹೇಳಿ ಎದ್ದುಹೋಗುತ್ತಿದ್ದ. ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂಬುದು ಅಜ್ಜಿಗೂ ಗೊತ್ತಿತ್ತು.

ಗುಟ್ಟು ಬಯಲಾದ ಮೇಲೆ ಅಟ್ಟಕ್ಕೆ ಹೋಗಿ ಅಪ್ಪನ ಪಕ್ಕ ಕೂರುವ ಹಕ್ಕು ನನಗೆ ಸಿಕ್ಕಿತು. ಅವನಿಗೆ ಲೇಸ್ ಕಲಿಸಿದವಳು ಆ ಆಸ್ಪತ್ರೆಯ ಒಬ್ಬ ನರ್ಸಮ್ಮ. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಬಿದ್ದಿರುವ ಗಂಡಸರು ಮೇಲಿನ ತೊಲೆ ಎಣಿಸಿ ಎಣಿಸಿ ಹುಚ್ಚರಾಗುತ್ತಾರೆಂದು ಎಲ್ಲರ ಕೈಗೂ ಕಡ್ಡಿ ಕೊಟ್ಟಳು. ರೈತರು, ಪೊಲೀಸರು, ಒಬ್ಬ ಬಸ್ ಡ್ರೈವರು, ಎಲ್ಲರೂ ಲೇಸ್ ಹಾಕಿದರು. ಅವಳ ಬಳಿ ಮಾದರಿ ಎಂದು ಇದ್ದದ್ದು ಒಂದೇ ಒಂದು, ಎಂಟು ಎಸಳಿನ ಹೂವು. ಒಂದು ದಿನ ಅದು ಹಾಸಿಗೆ ಬಟ್ಟೆಗಳ ಜೊತೆ ಕುದಿಯುವ ಹಂಡೆಗೆ ಬಿದ್ದು ಒಂದು ಎಸಳು ಮುದುರಿ ಅರ್ಧವಾಯಿತು. ಆಮೇಲೆ ಬಂದ ರೋಗಿಗಳೆಲ್ಲ ಆ ಮುದುರಿದ ಮಾದರಿಯನ್ನೇ ಇಟ್ಟುಕೊಂಡು ಕಲಿತರು. ಏಳು ಎಸಳು ಪೂರ್ತಿ, ಎಂಟನೆಯದು ಮೊಂಡು. ಅದು ತಪ್ಪು ಕಣ್ರಪ್ಪ ಎಂದು ನರ್ಸಮ್ಮ ಹೇಳಿದರೂ ಕೇಳಲಿಲ್ಲ. ಮಾದರಿಯಲ್ಲಿ ಹೇಗಿದೆಯೋ ಹಾಗೆಯೇ ಹಾಕಬೇಕು ಎಂದು ಹಟ ಹಿಡಿದರು. ನಮ್ಮ ಮನೆಯ ಪ್ರತಿಯೊಂದು ಹೂವಿಗೂ ಏಳೂವರೆ ಎಸಳು. ಯಾಕೆ ಸರಿ ಮಾಡಬಾರದು ಎಂದು ನಾನು ಕೇಳಿದ್ದಕ್ಕೆ ಅಪ್ಪ, ಅಲ್ಲಿದ್ದೋರೆಲ್ಲ ಇಂಗೇ ಹಾಕ್ತಿದ್ರು ಎಂದ.

ಇನ್ನೊಂದು ವಿಷಯ ಹೇಳಬೇಕು. ಅಪ್ಪನಿಗೆ ಒಂದು ಪ್ರತ್ಯೇಕ ಲೋಟವಿತ್ತು. ಅದರ ಮುಚ್ಚಳಕ್ಕೆ ಕೆಂಪು ನೂಲಿನ ಅಂಚು. ಆಸ್ಪತ್ರೆಯಲ್ಲಿ ರೋಗಿಯ ಲೋಟ ಯಾವಾಗಲೂ ಮುಚ್ಚಿರಬೇಕು, ಒಬ್ಬರದು ಒಬ್ಬರು ಮುಟ್ಟಬಾರದು ಎಂಬ ನಿಯಮವಂತೆ. ಅಪ್ಪ ಆ ನಿಯಮವನ್ನು ಮನೆಗೂ ತಂದ. ತನ್ನ ಲೋಟ ತಾನೇ ತೊಳೆದು, ಗೂಡಿನಲ್ಲಿ ಬೇರೆ ಇಡುತ್ತಿದ್ದ. ಡಾಕ್ಟರು ವಾಸಿಯಾಗಿದೆ ಎಂದು ಬರೆದುಕೊಟ್ಟು ಹದಿನೆಂಟು ವರ್ಷವಾಗಿದ್ದರೂ ಅವನಿಗೆ ನಂಬಿಕೆಯಿಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪನ ಕಾಫಿಯಲ್ಲಿ ಒಂದು ಗುಟುಕು ಕೇಳಿದರೆ ಕೊಡುತ್ತಿರಲಿಲ್ಲ. ಉಳಿದರೆ ಬಚ್ಚಲಿಗೆ ಚೆಲ್ಲುತ್ತಿದ್ದ, ನನಗೆ ಕೊಡುತ್ತಿರಲಿಲ್ಲ. ಓಣಿಯ ಎಲ್ಲ ಮಕ್ಕಳಿಗೂ ಅವರ ಅಪ್ಪಂದಿರ ಲೋಟದ ತಳದ ಸಕ್ಕರೆ ಕಾಫಿ ಸಿಗುತ್ತಿತ್ತು. ನಮ್ಮಪ್ಪ ಜಿಪುಣ ಎಂದೇ ನಾನು ತೀರ್ಮಾನಿಸಿದ್ದೆ. ಅಜ್ಜಿ ಕಥೆ ಹೇಳಿದ ಮೇಲೂ ಆ ಸಿಟ್ಟು ಪೂರ್ತಿ ಹೋಗಲಿಲ್ಲ, ಮಕ್ಕಳ ಸಿಟ್ಟಿಗೆ ಕಾರಣ ತಿಳಿದರೆ ಸಾಲದು.

ಇಂತಿರುವಲ್ಲಿ ಅಕ್ಕನಿಗೆ ಗಂಡು ನೋಡಲು ಶುರುಮಾಡಿದರು. ಸಂಬಂಧ ಹೇಳುವವರ ಬಳಿ ಅವ್ವ ಅಕ್ಕನ ಗುಣಗಳನ್ನು ಹೇಳುತ್ತಾ ಹೇಳುತ್ತಾ, ಮನೆ ತುಂಬ ಇರೋ ಲೇಸೆಲ್ಲ ಅವಳ್ದೇ ಎಂದುಬಿಟ್ಟಳು. ಹದಿನೆಂಟು ವರ್ಷ ತಾನು ಹೊತ್ತ ಕೀರ್ತಿಯನ್ನು ಮಗಳಿಗೆ ವರ್ಗಾಯಿಸುವುದು ಅವಳಿಗೆ ಸಹಜವೇ. ಆದರೆ ಅಕ್ಕನಿಗೆ ಒಂದು ಕಡೆ ಕೂತು ಮಾಡುವ ಯಾವ ಕೆಲಸವೂ ಆಗದು. ಅಪ್ಪನ ಸೈಕಲ್ಲನ್ನು ಅಡ್ಡಗಾಲು ಹಾಕಿ ತುಳಿಯುತ್ತಿದ್ದ ಹುಡುಗಿ ಅವಳು. ಮೊದಲು ನೋಡಿಹೋದ ಇಬ್ಬರನ್ನೂ ಅವಳು ಒಪ್ಪಲಿಲ್ಲ, ಅವರೂ ಇವಳನ್ನು ಒಪ್ಪಲಿಲ್ಲ, ಲೆಕ್ಕ ಸಮವಾಗಿತ್ತು. ಮೂರನೆಯವರು ದಬ್ಬೇಘಟ್ಟದ ಹತ್ತಿರದವರು. ಹುಡುಗನಿಗೆ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ಅವನು ಮುಂಚೆಯೇ ಒಂದು ದಿನ ಏನೋ ನೆಪ ಹೂಡಿ ಮಂಡಿಗೆ ಬಂದುಹೋಗಿದ್ದ, ಅಕ್ಕ ಕಿಟಕಿಯಿಂದ ನೋಡಿದ್ದಳು. ರಾತ್ರಿ ಪಕ್ಕದಲ್ಲಿ ಮಲಗಿದ್ದ ನನ್ನ ಕಿವಿಯಲ್ಲಿ, "ಕಿವಿ ದೊಡ್ಡವು ಕಣೇ. ಆದ್ರೆ ನಗ್ತಾನೆ. ಇವನಾದ್ರೆ ನಂಗೆ ಸೈ" ಎಂದಳು. ಅದುವರೆಗೆ ಅಕ್ಕ ಯಾವುದನ್ನೂ ಬೇಕು ಎಂದು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಹುಡುಗನ ತಾಯಿ ಗೌರಮ್ಮ ಕೈಕೆಲಸ ಬಲ್ಲವರು, ಪರೀಕ್ಷೆ ಮಾಡಿಯೇ ಮಾಡುತ್ತಾರೆ ಎಂದು ಸುದ್ದಿ ಬಂತು. ಅಪ್ಪ ಅಕ್ಕನನ್ನು ಅಟ್ಟಕ್ಕೆ ಕರೆದುಕೊಂಡು ಹೋಗಿ ಎರಡು ವಾರ ಪಾಠ ಮಾಡಿದ. ಏಳು ಎಸಳು ಹೇಗೋ ಬಂದವು. ಆ ಮೊಂಡು ಎಸಳು ಮಾತ್ರ ಬರಲಿಲ್ಲ. ಗೊತ್ತಿಲ್ಲದೆ ತಪ್ಪು ಮಾಡುವುದು ಎಲ್ಲರಿಗೂ ಬರುತ್ತದೆ, ಒಂದೇ ತಪ್ಪನ್ನು ಪ್ರತಿ ಸಲವೂ ಅಚ್ಚುಕಟ್ಟಾಗಿ ಮಾಡಬೇಕಾದರೆ ಅಭ್ಯಾಸ ಬೇಕು. ಅಕ್ಕ ಅತ್ತಳು. ಅಪ್ಪ ಮಂಡಿಯ ದನಿಯಲ್ಲಿ ಬೈದ. ಕೆಳಗೆ ಕೂತಿದ್ದ ಅವ್ವ ದೇವರಿಗೆ ಹರಸಿಕೊಂಡಳು.

ಅವರು ಬಂದರು. ಗೌರಮ್ಮ, ಅವರ ಯಜಮಾನರು, ಹುಡುಗ. ಗೌರಮ್ಮ ಸಣ್ಣ ಆಳು, ಮಾತು ಕಮ್ಮಿ, ಕಣ್ಣು ಚುರುಕು. ಯಜಮಾನರದು ತದ್ವಿರುದ್ಧ. ಬಂದ ಹತ್ತು ನಿಮಿಷಕ್ಕೆ ಅವರ ತೋಟ, ಕಾಲುವೆಯ ನೀರು, ಬಸ್ಸಿನ ಅವ್ಯವಸ್ಥೆ, ತಮ್ಮ ಭಾವಮೈದ ಚಿಕ್ಕ ವಯಸ್ಸಿಗೇ ಕಾಶಿಗೆ ಹೋಗಿ ಸನ್ಯಾಸಿಯಾದದ್ದು, ತಮ್ಮ ಹೆಂಡತಿಯ ತವರು ಎಂಥ ದೈವಭಕ್ತರ ಮನೆ ಎಂಬುದು ಎಲ್ಲವೂ ನಮಗೆ ತಿಳಿಯಿತು. ಅಪ್ಪ ಬಿಳಿ ಜುಬ್ಬಾ ಹಾಕಿಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಬಿಗಿಯಾಗಿ ಕೂತಿದ್ದ. ಕೇಸರಿಬಾತು, ಉಪ್ಪಿಟ್ಟು, ಕೊಬ್ಬರಿ ಮಿಠಾಯಿ ಆದವು. ಕಾಫಿ ಬಂತು, ಎಲ್ಲ ಲೋಟಗಳಿಗೂ ಲೇಸಿನ ಟೋಪಿ. ಅಪ್ಪನ ಕೆಂಪಂಚಿನ ಲೋಟ ಎಂದಿನಂತೆ ಬೇರೆಯಾಗಿ, ಅವನ ಪಕ್ಕದ ಸ್ಟೂಲಿನ ಮೇಲೆ.

ಗೌರಮ್ಮ ಕಾಫಿ ಮುಟ್ಟಲಿಲ್ಲ. ಎದ್ದು ರೇಡಿಯೋದ ಹತ್ತಿರ ಹೋದರು. ಅದರ ಹೊದಿಕೆಯನ್ನು ಬೆರಳಲ್ಲಿ ಸವರಿ, ಒಂದು ಹೂವಿನ ಎಸಳುಗಳನ್ನು ಎಣಿಸಿದರು. ಇನ್ನೊಂದು ಹೂವನ್ನೂ ಎಣಿಸಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ, ಅವರ ಕೈ ಒಂದು ಕಡೆ ನಿಂತುಹೋಯಿತು. ಆಮೇಲೆ ಅಕ್ಕನನ್ನು ಕರೆದು, ಇದನ್ನು ಯಾರು ಕಲಿಸಿದರು ಎಂದು ಕೇಳಿದರು. ಹೊಲಿಗೆ ಟೀಚರ್ ಎಂದಳು ಅಕ್ಕ. ಹಾಗಾದರೆ ಈ ಹೂವೊಂದನ್ನು ನನ್ನೆದುರಿಗೆ ಹಾಕಿ ತೋರಿಸಮ್ಮ ಎಂದರು.

ಅಕ್ಕ ಚಾಪೆಯ ಮೇಲೆ ಕೂತು ಕಡ್ಡಿ ಹಿಡಿದಳು. ಯಜಮಾನರು ಕೂಡ ಕಾಲುವೆಯ ನೀರನ್ನು ಅರ್ಧಕ್ಕೆ ಬಿಟ್ಟು ನೋಡತೊಡಗಿದರು. ಒಂದು ಎಸಳು, ಎರಡು, ಮೂರು. ಹುಡುಗ ಅವಳ ಕೈಯನ್ನು ನೋಡುವ ನೆಪದಲ್ಲಿ ಅವಳನ್ನು ನೋಡುತ್ತಿದ್ದ. ಏಳನೆಯದು ಮುಗಿಯಿತು. ಎಂಟನೆಯ ಎಸಳು ಬೆಳೆದು ಬೆಳೆದು ಮಿಕ್ಕವುಗಳಷ್ಟೇ ದೊಡ್ಡದಾಯಿತು. ಲೋಕದ ಯಾವ ಹೊಲಿಗೆ ಟೀಚರಾದರೂ ನೂರಕ್ಕೆ ನೂರು ಕೊಡುವಂಥ ಹೂವು. ಗೌರಮ್ಮ ತಲೆ ಅಲ್ಲಾಡಿಸಿ, ಇದಲ್ಲ ಎಂದರು. ಅಕ್ಕ ಬಿಚ್ಚಿ ಮತ್ತೆ ಹಾಕಿದಳು. ಮತ್ತೆ ಪೂರ್ತಿ ಎಸಳು. ನೂಲು ಸಿಕ್ಕಾಯಿತು, ಒಂದು ಹನಿ ಕಣ್ಣೀರು ಅದರ ಮೇಲೆ ಬಿತ್ತು.

ಅಪ್ಪನ ಬೆರಳುಗಳು ಆಗಿನಿಂದ ಜುಬ್ಬಾದ ಅಂಚಿನ ಮೇಲೆ ಆಡುತ್ತಿದ್ದವು. ಅವನು ಎದ್ದ. ಚಾಪೆಯ ಮೇಲೆ ಮಗಳ ಪಕ್ಕ ಕೂತು, ಕಡ್ಡಿಯನ್ನು ಅವಳ ಕೈಯಿಂದ ತೆಗೆದುಕೊಂಡ. ಸಿಕ್ಕು ಬಿಡಿಸಿ, ನೂಲನ್ನು ತೋರುಬೆರಳಿಗೆ ಸುತ್ತಿ, ನಾಲಿಗೆ ತುದಿಯನ್ನು ಹಲ್ಲಲ್ಲಿ ಹಿಡಿದು, ಒಂದು ನಿಮಿಷದಲ್ಲಿ ಆ ಮೊಂಡು ಎಸಳು ಹಾಕಿ ಗಂಟು ಕಟ್ಟಿ ಮುಂದಿಟ್ಟ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ಕಂಬವಾಗಿ ನಿಂತಿದ್ದಳು. ಮೀಸೆಯ ಕೊಬ್ಬರಿ ಮಂಡಿಯವನಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದು ಒಬ್ಬರು ಕೇಳಿದರೆ ಸಾಕು, ಎಲ್ಲವೂ ಮುಗಿಯಿತು. ಅಕ್ಕನ ಮದುವೆ ಇಲ್ಲಿಗೆ ಮುಗಿಯಿತು, ಆಮೇಲೆ ನನ್ನದೂ ಮುಗಿಯುತ್ತದೆ ಎಂದು ನನಗೂ ಅರ್ಥವಾಗಿತ್ತು.

ಗೌರಮ್ಮ ಹೂವನ್ನು ಎತ್ತಿಕೊಂಡರು. ಬಹಳ ಮೆಲ್ಲಗೆ ಕೇಳಿದರು.

"ಯಜಮಾನ್ರೇ, ಯಾವ ವಾರ್ಡು?"

ಅಪ್ಪ ಅವರ ಮುಖ ನೋಡಿದ. ಸುಳ್ಳು ಹುಡುಕಿದನೋ ಏನೋ, ಸಿಗಲಿಲ್ಲ. "ಮೂರ್ನೇದು ಕಣಮ್ಮ. ಕಿಟಕಿ ಪಕ್ಕದ ಮಂಚ."

"ನಮ್ಮಣ್ಣ ಎರಡರಲ್ಲಿದ್ದ. ನಾನು ಒಂದೇ ಸಲ ಹೋಗಿದ್ದೆ. ಇಂಥದೊಂದು ಹೂವ ಕೊಟ್ಟಿದ್ದ. ಅವನು ಆಚೆ ಬರ್ಲೇ ಇಲ್ಲ."

ನಮ್ಮಪ್ಪ ದಿಲ್ಲಿಯಲ್ಲಿದ್ದ ವರ್ಷ ಅವರಣ್ಣ ಕಾಶಿಯಲ್ಲಿದ್ದರು ಎಂದು ತವರಿನವರು ಊರಿಗೆಲ್ಲ ಹೇಳಿದ್ದರಂತೆ. ದಿಲ್ಲಿಯ ವ್ಯಾಪಾರಿಯೂ ಕಾಶಿಯ ಸನ್ಯಾಸಿಯೂ ಒಂದೇ ಸೂರಿನ ಕೆಳಗೆ ಅಕ್ಕಪಕ್ಕದ ವಾರ್ಡುಗಳಲ್ಲಿ ಕೆಮ್ಮುತ್ತಾ ಲೇಸ್ ಹಾಕುತ್ತಿದ್ದರು. ಇದೆಲ್ಲ ಹೆಚ್ಚು ಆಘಾತ ಕೊಟ್ಟದ್ದು ನಮಗಲ್ಲ, ಗೌರಮ್ಮನ ಯಜಮಾನರಿಗೆ. ಅವರು ಎದ್ದು ನಿಂತು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೆಂಡತಿಯನ್ನು ನೋಡಿದರು.

"ಅಂಗಾರೆ ಕಾಶಿ?"

"ಕಾಶೀನೂ ಇಲ್ಲ, ರಾಮೇಶ್ವರಾನೂ ಇಲ್ಲ. ಕೂತ್ಕಳ್ರಿ" ಎಂದರು ಗೌರಮ್ಮ.

ಅವರು ಕೂರಲಿಲ್ಲ. ಬಾಗಿಲ ಕಡೆ ನೋಡಿದರು, ಮಗನನ್ನು ನೋಡಿದರು, ತಾವು ಆಗಲೇ ಕುಡಿದಿಟ್ಟಿದ್ದ ಖಾಲಿ ಲೋಟವನ್ನು ಹಾವನ್ನು ನೋಡುವಂತೆ ನೋಡಿದರು. ಆಗ ಗೌರಮ್ಮ ಸ್ಟೂಲಿನ ಹತ್ತಿರ ಬಂದರು. ಅಪ್ಪನ ಲೋಟದ ಕೆಂಪಂಚಿನ ಮುಚ್ಚಳವನ್ನು ತೆಗೆದರು. ನಮ್ಮ ಮನೆಯಲ್ಲಿ ಹದಿನೆಂಟು ವರ್ಷದಿಂದ ಅಪ್ಪನಲ್ಲದೆ ಬೇರೆ ಯಾರೂ ಮುಟ್ಟದಿದ್ದ ಲೋಟ ಅದು. ಅಪ್ಪ ಅರ್ಧ ಕುಡಿದಿಟ್ಟಿದ್ದ. ಬ್ಯಾಡ ಕಣಮ್ಮ, ಅದು ನಂದು ಎಂದು ಅಪ್ಪ ಕೈ ಅಡ್ಡ ತಂದ. ಗೊತ್ತು ಎಂದು ಅವರು ಲೋಟ ಎತ್ತಿ ಎರಡು ಗುಟುಕು ಕುಡಿದರು. ಕುಡಿದು, ಮುಚ್ಚಳ ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟರು. ನಮ್ಮಣ್ಣನ ಲೋಟದಲ್ಲಿ ಕುಡಿಯೋಕೆ ನಂಗೆ ಅವತ್ತು ಧೈರ್ಯ ಬರ್ಲಿಲ್ಲ ಎಂದರು. ಯಾರನ್ನೂ ನೋಡದೆ, ರೇಡಿಯೋವನ್ನು ನೋಡಿಕೊಂಡು ಹೇಳಿದರು.

ಯಜಮಾನರು ಕೂತರು. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಕಾಲುವೆಯ ನೀರಿನ ವಿಷಯವನ್ನು ಬಿಟ್ಟಲ್ಲಿಂದ ಮುಂದುವರಿಸಿದರು. ಬಾಯಿಬಡುಕ ಮನುಷ್ಯ ಒಳ್ಳೆಯವನೂ ಆಗಿರಬಹುದು ಎಂದು ನನಗೆ ಅಂದೇ ತಿಳಿದದ್ದು. ಇಷ್ಟು ಹೊತ್ತೂ ಮಾತೇ ಆಡದಿದ್ದ ಹುಡುಗ, ನಂಗೆ ಲೇಸ್ ಹಾಕೋ ಹುಡುಗಿನೇ ಬೇಕಂತ ಏನಿಲ್ಲ ಎಂದ. ಅಕ್ಕ ಮೂಗು ಒರೆಸಿಕೊಂಡು ನಕ್ಕಳು. ಮದುವೆ ಗೊತ್ತಾಯಿತು.

ಮುಂದಿನ ವಾರ ಹುಡುಗ ಒಂದು ಪೊಟ್ಟಣ ತಂದುಕೊಟ್ಟ. ಅವನ ಕಿವಿ ನಿಜಕ್ಕೂ ದೊಡ್ಡವು. ಪೊಟ್ಟಣದಲ್ಲಿ ಹಳದಿಗಟ್ಟಿದ ಒಂದು ಲೇಸಿತ್ತು. ಗೌರಮ್ಮನ ಅಣ್ಣ ಹಾಕುತ್ತಿದ್ದದ್ದು, ಮುಕ್ಕಾಲು ಆಗಿ ನಿಂತಿತ್ತು. ಕಡ್ಡಿ ಇನ್ನೂ ಅದರಲ್ಲೇ ಸಿಕ್ಕಿಕೊಂಡು ತುಕ್ಕು ಹಿಡಿದಿತ್ತು. ಆಸ್ಪತ್ರೆಯವರು ಕೊಟ್ಟದ್ದನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದರಂತೆ. ಅಣ್ಣ ಪೂರ್ತಿ ಮಾಡಿಕೊಡ್ಬೇಕಂತೆ ಎಂದು ಹುಡುಗ ತಾಯಿಯ ಮಾತು ಒಪ್ಪಿಸಿದ. ಅಣ್ಣ ಎಂದರೆ ನಮ್ಮಪ್ಪ.

ಅದು ಭಾನುವಾರ. ಊಟವಾಯಿತು. ಕಾಯಿ ನೋಡ್ಕಂಡು ಬತ್ತೀನಿ ಎಂದು ಅಪ್ಪ ಹೇಳಲಿಲ್ಲ. ಏಣಿಯ ಹತ್ತಿರ ಹೋದವನು ಹಾಗೇ ತಿರುಗಿ, ಪೊಟ್ಟಣ ತೆಗೆದುಕೊಂಡು ಜಗುಲಿಗೆ ಬಂದು ಕೂತ. ನಾನೂ ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತೆ. ಅವ್ವ ಕೆಂಪಂಚಿನ ಲೋಟದಲ್ಲಿ ಕಾಫಿ ತಂದಿಟ್ಟು, ಅವನನ್ನೂ ಬೀದಿಯನ್ನೂ ನೋಡಿ ಒಳಗೆ ಹೋದಳು. ಅಪ್ಪ ಒಂದೊಂದು ಗುಟುಕು ಕುಡಿಯುತ್ತಾ, ಐದು ಸರಪಳಿ, ಒಂದು ಕಂಬ ಎನ್ನುತ್ತಾ ಶುರುಮಾಡಿದ. ಹಾದುಹೋಗುವವರು ನಿಧಾನ ಮಾಡುತ್ತಿದ್ದರು, ನಿಲ್ಲಲು ಧೈರ್ಯವಿಲ್ಲ. ಬಾಷಾ ಸಾಬರು ಮಾತ್ರ ಸೈಕಲ್ ನಿಲ್ಲಿಸಿ ನೋಡಿ, ನೂಲು ಇನ್ನೂ ಒಂದು ಉಂಡೆ ಬೇಕಾಗ್ತದೆ ನಿಮ್ಗೆ, ಕಳಿಸ್ತೀನಿ ಎಂದು ಹೇಳಿ ಹೋದರು. ಅವರಿಗೆ ಯಾವ ಕಾಲದಿಂದ ಗೊತ್ತಿತ್ತೋ.

ಸಿದ್ದಣ್ಣ ಬಂದ. ಮೆಟ್ಟಿಲ ಬಳಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದ. "ಮರುಳಪ್ಪಾರೆ, ಇದೆಲ್ ಕಲಿತ್ರಿ? ದಿಲ್ಲೀಲಾ?"

ಅಪ್ಪ ಕೈ ನಿಲ್ಲಿಸಲಿಲ್ಲ. "ಆಸ್ಪತ್ರೇಲಿ ಕಣಪ್ಪ. ಟಿ.ಬಿ. ಬಂದಿತ್ತು. ದಿಲ್ಲಿ ನಾನು ನೋಡೇ ಇಲ್ಲ." ಒಂದು ಕಂಬ ಹಾಕಿ ಮುಗಿಸಿ, ಒಳಮನೆಯ ಕಡೆಗೆ ದನಿ ಎತ್ತರಿಸಿ ಹೇಳಿದ, "ಮೊಟ್ಟೇನೂ ತಿಂದಿದ್ದೀನಿ. ದಿನಾ ಎರಡು."

ಒಳಗೆ ಅಜ್ಜಿಯ ಅಡಿಕೆ ಕುಟ್ಟುವ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು. ಸಿದ್ದಣ್ಣ ಒಂದು ಹೆಜ್ಜೆ ಹಿಂದಿಟ್ಟ, ಆಮೇಲೆ ಏನನ್ನಿಸಿತೋ ಮುಂದೆ ಬಂದು ಜಗುಲಿಯ ತುದಿಯಲ್ಲಿ ಕೂತ. ಅಂಗಾರೆ ದಿಲ್ಲೀಲಿ ಕಿಟಕಿ ಮುಚ್ತಾರೇನೋ ಎಂದು ತನಗೆ ತಾನೇ ಹೇಳಿಕೊಂಡ.

ಮಹಿಳಾ ಸಮಾಜದಲ್ಲಿ ನಾನು ಇದನ್ನು ಹೇಳುವುದಿಲ್ಲ. ಇಟಲಿ, ಬೆಲ್ಜಿಯಂ, ದೊರೆಸಾನಿಯರು ಎಂದು ಹತ್ತು ನಿಮಿಷ ಹೇಗೋ ತುಂಬಿಸುತ್ತೇನೆ. ನಿಮಗೆ ಮಾತ್ರ ಹೇಳುತ್ತಿದ್ದೇನೆ. ಆ ಮಧ್ಯಾಹ್ನ ಅಪ್ಪ ಕಡೆಯ ಹೂವಿನ ಮೊಂಡು ಎಸಳು ಮುಗಿಸಿ ನೂಲು ಕತ್ತರಿಸಿದ. ಲೋಟದಲ್ಲಿ ಇನ್ನೂ ಸ್ವಲ್ಪ ಕಾಫಿ ಉಳಿದಿತ್ತು. ಎದ್ದು ಬಚ್ಚಲಿಗೆ ಚೆಲ್ಲಲು ಹೋಗುತ್ತಾನೆ ಎಂದುಕೊಂಡೆ. ಅವನು ಮುಚ್ಚಳ ತೆಗೆದು ಒಳಗೆ ಒಂದು ಸಲ ನೋಡಿ, ಲೋಟವನ್ನು ನನ್ನ ಕಡೆ ತಳ್ಳಿದ. ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು, ಸಕ್ಕರೆಯೆಲ್ಲ ತಳದಲ್ಲಿ ಕೂತಿತ್ತು. ಬೆರಳು ಹಾಕಿ ಬಳಿದು ಪೂರ್ತಿ ತಿಂದೆ.